ಅಮೃತಲಿಂಗಂ ಕಂಡ 33 ವರ್ಷ: ಜಾಫ್ನಾದಲ್ಲಿ ಭಯೋತ್ಪಾದನೆ ಬೆಳೆದ ಬಗೆ

1956ರ ಜೂನ್ 5ರಂದು ಕೊಲಂಬೊದ ಗಾಲ್ ಫೇಸ್ ಮೈದಾನದಲ್ಲಿ ತಮಿಳು ಸತ್ಯಾಗ್ರಹಿಗಳು ಕೂತಿದ್ದರು. ಪಕ್ಕದಲ್ಲೇ ಆಗಿನ ಸಂಸತ್ ಭವನ. ಒಳಗೆ ಸಿಂಹಳವೊಂದೇ ಆಡಳಿತ ಭಾಷೆ ಎನ್ನುವ ಮಸೂದೆ ಮಂಡನೆಯಾಗುತ್ತಿತ್ತು. ಹೊರಗೆ ಒಂದು ಗುಂಪು ಬಂದು ಸತ್ಯಾಗ್ರಹಿಗಳಿಗೆ ಹೊಡೆಯಿತು. ಪೊಲೀಸರು ನೋಡುತ್ತಾ ನಿಂತರು. ಏಟು ತಿಂದವರಲ್ಲಿ ಅಪ್ಪಾಪಿಳ್ಳೈ ಅಮೃತಲಿಂಗಂ ಒಬ್ಬರು. ದ್ವೀಪದ ಉತ್ತರ ತುದಿಯ ಜಾಫ್ನಾ ಕಡೆಯ ವಟ್ಟುಕೋಟೆ ಕ್ಷೇತ್ರದಿಂದ ಆಗಷ್ಟೇ ಗೆದ್ದು ಬಂದಿದ್ದ 28 ವರ್ಷದ ವಕೀಲರು. ತಲೆಗೆ ಬ್ಯಾಂಡೇಜ್ ಕಟ್ಟಿಕೊಂಡೇ ಸದನದೊಳಗೆ ಹೋದರು.

1989ರ ಜುಲೈ 13. ಅದೇ ಕೊಲಂಬೊದ ಒಂದು ಮನೆ. ಮಾತುಕತೆಗೆ ಅಂತ ಮೂವರು ಯುವಕರು ಬಂದರು. ನಮ್ಮವರೇ ಅಲ್ವಾ, ತಪಾಸಣೆ ಬೇಡ ಎಂದು ಕಾವಲಿನವರಿಗೆ ಮೊದಲೇ ಹೇಳಲಾಗಿತ್ತು. ಬಂದವರನ್ನು ಮನೆಯವರು ಉಪಚರಿಸಿದರು. ಸ್ವಲ್ಪ ಹೊತ್ತು ಮಾತಾಡಿದ ಮೇಲೆ ಆ ಯುವಕರು ಪಿಸ್ತೂಲು ತೆಗೆದು ಅಮೃತಲಿಂಗಂ ಅವರನ್ನು ಕೊಂದರು. ಅವರು ಪ್ರತ್ಯೇಕ ತಮಿಳು ದೇಶಕ್ಕಾಗಿ ಬಂದೂಕು ಹಿಡಿದಿದ್ದ ಎಲ್‌ಟಿಟಿಇ, ಅಂದರೆ ತಮಿಳು ಹುಲಿಗಳ ಕಡೆಯವರು. ಆ ಹಂತಕರಿಗೆ ಗುಂಡು ಹೊಡೆದದ್ದು ಕಾವಲಿಗಿದ್ದ ಸಿಂಹಳೀಯ ಪೊಲೀಸ್.

ಮೊದಲ ಸಲ ಅವರ ಮೇಲೆ ಕೈ ಮಾಡಿದ್ದು ಸಿಂಹಳ ಗುಂಪು. ಕೊನೆಯ ಸಲ ತಮಿಳು ಹುಡುಗರು. ಈ 33 ವರ್ಷಗಳ ನಡುವೆ ಶ್ರೀಲಂಕಾದ ಉತ್ತರದಲ್ಲಿ ಭಯೋತ್ಪಾದನೆ ಹೇಗೆ ಬೇರು ಬಿಟ್ಟಿತು ಎನ್ನುವುದೇ ಈ ಪ್ರಕರಣದ ವಿಷಯ. ಶ್ರೀಲಂಕಾದ ಯುದ್ಧವನ್ನು ನಾವು ಸಾಮಾನ್ಯವಾಗಿ ಸೈನ್ಯ ಮತ್ತು ಹುಲಿಗಳ ಕಥೆಯಾಗಿ ಓದುತ್ತೇವೆ. ನನಗೆ ಜಾಸ್ತಿ ಕಾಡುವುದು ಇವೆರಡರ ನಡುವೆ ನಿಂತಿದ್ದವರು. ಒಪ್ಪಂದ ಬರೆದವರು, ಓಟು ಕೇಳಿದವರು, ಕಚೇರಿ ಎದುರು ಕೂತವರು. ಸರ್ಕಾರ ಇವರನ್ನು ಕೈಲಾಗದವರನ್ನಾಗಿ ಮಾಡಿತು. ಬಂದೂಕು ಹಿಡಿದವರು ಇವರನ್ನು ದ್ರೋಹಿಗಳು ಎಂದರು. ಭಯೋತ್ಪಾದನೆ ಬೆಳೆದದ್ದು ಇವರು ಬಿಟ್ಟುಹೋದ ಜಾಗದಲ್ಲಿ.

ಬ್ರಿಟಿಷರು ಬಿಟ್ಟುಹೋದ ಲೆಕ್ಕ

ಬ್ರಿಟಿಷರು 1815ರಲ್ಲಿ ಕ್ಯಾಂಡಿಯನ್ನು ವಶಪಡಿಸಿಕೊಂಡರು. 1833ರಲ್ಲಿ ಇಡೀ ದ್ವೀಪವನ್ನು ಕೊಲಂಬೊದ ಒಂದೇ ಆಡಳಿತದ ಕೆಳಗೆ ತಂದರು. ಅಲ್ಲಿಯವರೆಗೆ ಬೇರೆ ಬೇರೆಯಾಗಿ ನಡೆದಿದ್ದ ಪ್ರದೇಶಗಳು ಒಂದೇ ಲೆಡ್ಜರಿಗೆ ಸೇರಿದವು. ಅಮೆರಿಕದ ಮಿಷನರಿಗಳು 1816ರಿಂದ ಜಾಫ್ನಾದಲ್ಲಿ ಶಾಲೆಗಳನ್ನು ತೆರೆಯುತ್ತಾ ಬಂದರು. ವಟ್ಟುಕೋಟೆಯಲ್ಲಿ 1823ರಲ್ಲೇ ಒಂದು ಸೆಮಿನರಿ ಶುರುವಾಯಿತು. ಜಾಫ್ನಾ ಒಣ ನೆಲ. ಬಾವಿ ನೀರು, ತಾಳೆಮರ, ಹೊಗೆಸೊಪ್ಪು. ದೊಡ್ಡ ನದಿ ಇಲ್ಲ. ಅಲ್ಲಿನ ಮಧ್ಯಮ ವರ್ಗದ ಮನೆಗಳಿಗೆ ಇಂಗ್ಲಿಷ್ ಕಲಿತು ಸರ್ಕಾರಿ ನೌಕರಿ ಹಿಡಿಯುವುದೇ ಬದುಕಿನ ದಾರಿಯಾಯಿತು. ಹೀಗಾಗಿ ಗುಮಾಸ್ತರು, ವೈದ್ಯರು, ಎಂಜಿನಿಯರ್‌ಗಳಲ್ಲಿ ತಮಿಳರ ಪಾಲು ಅವರ ಜನಸಂಖ್ಯೆಗಿಂತ ಹೆಚ್ಚಿತ್ತು. ದಕ್ಷಿಣದ ಸಿಂಹಳ ಹಳ್ಳಿಗಳಲ್ಲಿ ಓದಿದ ಹುಡುಗರಿಗೆ ಇದು ಕಣ್ಣಿಗೆ ಕುಕ್ಕುತ್ತಿತ್ತು. ಅವರ ಸಂಕಟವೂ ಸುಳ್ಳಲ್ಲ. ಸ್ವಭಾಷೆಯಲ್ಲಿ ಓದಿದವರಿಗೆ ಇಂಗ್ಲಿಷ್ ಆಡಳಿತದಲ್ಲಿ ಬಾಗಿಲು ಮುಚ್ಚಿತ್ತು.

1948ರ ಫೆಬ್ರವರಿ 4ರಂದು ಸ್ವಾತಂತ್ರ್ಯ ಬಂತು. ಅದೇ ವರ್ಷ ಬಂದ ಪೌರತ್ವ ಕಾಯ್ದೆ ಚಹಾ ತೋಟಗಳಲ್ಲಿ ದುಡಿಯುತ್ತಿದ್ದ ಭಾರತ ಮೂಲದ ಸುಮಾರು 7 ಲಕ್ಷ ತಮಿಳರನ್ನು ದೇಶವಿಲ್ಲದವರನ್ನಾಗಿ ಮಾಡಿತು. ಬೆನ್ನಿಗೇ ಅವರ ಓಟಿನ ಹಕ್ಕೂ ಹೋಯಿತು. ಇವತ್ತು ಅವರಿಗೆ ಆದದ್ದು ನಾಳೆ ನಮಗೆ ಎಂದು ಎಸ್.ಜೆ.ವಿ. ಚೆಲ್ವನಾಯಕಂ ತಮ್ಮ ಪಕ್ಷದಿಂದ ಹೊರಬಂದು 1949ರಲ್ಲಿ ಫೆಡರಲ್ ಪಕ್ಷ ಕಟ್ಟಿದರು. ಅಮೃತಲಿಂಗಂ ಇವರ ಗರಡಿಯಲ್ಲಿ ಬೆಳೆದವರು. ಇವರು ಕೇಳಿದ್ದು ಬೇರೆ ದೇಶವಲ್ಲ, ಒಕ್ಕೂಟದೊಳಗೆ ತಮಿಳರಿಗೊಂದು ಪ್ರಾಂತ್ಯ.

ಇಲ್ಲಿ ಕನ್ನಡದ ಓದುಗರು ಒಂದು ಕ್ಷಣ ನಿಲ್ಲಬೇಕು. ಸಿಂಹಳವೊಂದೇ ಎನ್ನುವ ಕಾಯ್ದೆ ಬಂದದ್ದು 1956ರ ಜೂನ್‌ನಲ್ಲಿ. ಅದೇ ವರ್ಷದ ನವೆಂಬರ್ 1ರಂದು ಮೈಸೂರು, ಮುಂಬೈ, ಹೈದರಾಬಾದ್, ಮದ್ರಾಸ್, ಕೊಡಗಿನಲ್ಲಿ ಹಂಚಿಹೋಗಿದ್ದ ನಾವು ಒಂದು ರಾಜ್ಯವಾದೆವು. ಭಾಷೆಗೊಂದು ರಾಜ್ಯ ಕೊಟ್ಟರೆ ದೇಶ ಒಡೆದುಹೋಗುತ್ತದೆ ಎಂದು ಹೆದರಿದವರು ದಿಲ್ಲಿಯಲ್ಲೂ ಇದ್ದರು. ಕೊನೆಗೆ ಕೊಟ್ಟರು. ಚೆಲ್ವನಾಯಕಂ ಕೇಳಿದ್ದು ಹೆಚ್ಚೂಕಡಿಮೆ ಇಂಥದ್ದನ್ನೇ.

ಹರಿದ ಕಾಗದ

ಕಾಯ್ದೆ ತಂದ ಪ್ರಧಾನಿ ಎಸ್.ಡಬ್ಲ್ಯು.ಆರ್.ಡಿ. ಬಂಡಾರನಾಯಕೆ ಅವರಿಗೂ ಬಿಸಿ ತಟ್ಟಿತ್ತು. 1957ರ ಜುಲೈನಲ್ಲಿ ಅವರೂ ಚೆಲ್ವನಾಯಕಂ ಅವರೂ ಒಂದು ಒಪ್ಪಂದಕ್ಕೆ ಬಂದರು. ಉತ್ತರ ಮತ್ತು ಪೂರ್ವದಲ್ಲಿ ಪ್ರಾದೇಶಿಕ ಮಂಡಳಿಗಳು, ಅಲ್ಲಿನ ಆಡಳಿತಕ್ಕೆ ತಮಿಳು, ಜಮೀನು ಹಂಚಿಕೆಯಲ್ಲಿ ಮಂಡಳಿಗಳಿಗೆ ಅಧಿಕಾರ. ಬದಲಿಗೆ ಫೆಡರಲ್ ಪಕ್ಷ ಸತ್ಯಾಗ್ರಹ ಕೈಬಿಟ್ಟಿತು. ಎರಡೂ ಕಡೆಯವರು ಸ್ವಲ್ಪ ಸ್ವಲ್ಪ ಬಿಟ್ಟುಕೊಟ್ಟಿದ್ದರು. ನನ್ನ ಮಟ್ಟಿಗೆ ಇಡೀ ಕಥೆಯಲ್ಲಿ ಇದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಬರಲಿಲ್ಲ.

ವಿರೋಧ ಪಕ್ಷದಲ್ಲಿದ್ದ ಜೆ.ಆರ್. ಜಯವರ್ಧನೆ ಒಪ್ಪಂದದ ವಿರುದ್ಧ ಕ್ಯಾಂಡಿಗೆ ಪಾದಯಾತ್ರೆ ಹೊರಟರು. ಬಸ್ಸಿನ ನಂಬರ್ ಪ್ಲೇಟಿನ ಮೇಲೆ ಸಿಂಹಳದ 'ಶ್ರೀ' ಅಕ್ಷರ ಇರಬೇಕೆಂಬ ನಿಯಮ ಬಂದಾಗ ಜಾಫ್ನಾದಲ್ಲಿ ಆ ಅಕ್ಷರಕ್ಕೆ ಟಾರು ಬಳಿದರು. ಅದಕ್ಕೆ ಉತ್ತರವಾಗಿ ದಕ್ಷಿಣದಲ್ಲಿ ತಮಿಳು ಫಲಕಗಳಿಗೆ ಟಾರು ಬಳಿದರು. 1958ರ ಏಪ್ರಿಲ್ 9ರಂದು ಬೌದ್ಧ ಭಿಕ್ಷುಗಳ ಗುಂಪು ಪ್ರಧಾನಿಯ ಮನೆ ಮುಂದೆ ಕೂತಿತು. ಬಂಡಾರನಾಯಕೆ ಹೊರಗೆ ಬಂದು ಒಪ್ಪಂದ ರದ್ದಾಯಿತು ಎಂದರು. ಮುಂದಿನ ತಿಂಗಳೇ ಗಲಭೆ, ನೂರಾರು ಸಾವು. 1959ರಲ್ಲಿ ಬಂಡಾರನಾಯಕೆ ಅವರನ್ನು ಗುಂಡಿಟ್ಟು ಕೊಂದದ್ದು ಒಬ್ಬ ಬೌದ್ಧ ಭಿಕ್ಷು.

1961ರಲ್ಲಿ ಜಾಫ್ನಾದ ಸರ್ಕಾರಿ ಕಚೇರಿಗಳ ಎದುರು ಮತ್ತೆ ಸತ್ಯಾಗ್ರಹ ನಡೆಯಿತು. ಸೈನ್ಯ ಬಂದು ಎಬ್ಬಿಸಿತು. 1965ರಲ್ಲಿ ಇನ್ನೊಂದು ಸಿಂಹಳ ಪಕ್ಷದ ನಾಯಕ ಡಡ್ಲಿ ಸೇನಾನಾಯಕೆ ಜತೆ ಇನ್ನೊಂದು ಒಪ್ಪಂದ. ಅದೂ ಜಾರಿಯಾಗಲಿಲ್ಲ. ಒಂದು ಪಕ್ಷ ಒಪ್ಪಂದ ಮಾಡಿಕೊಂಡರೆ ಇನ್ನೊಂದು ಪಕ್ಷ ಅದನ್ನೇ ಹಿಡಿದು ಬೀದಿಗಿಳಿಯುವುದು ಸಿಂಹಳ ರಾಜಕೀಯದ ರೂಢಿಯಾಗಿಬಿಟ್ಟಿತು. ಊರಿಗೆ ವಾಪಸ್ಸಾದ ಫೆಡರಲ್ ಪಕ್ಷದ ಹಿರಿಯರಿಗೆ ತೋರಿಸಲು ಏನೂ ಇರುತ್ತಿರಲಿಲ್ಲ. ಹತ್ತು ವರ್ಷ ಮಾತಾಡಿ ಏನು ತಂದಿರಿ ಎನ್ನುವ ಪ್ರಶ್ನೆಗೆ ಅವರ ಬಳಿ ಉತ್ತರವಿಲ್ಲ.

ಹುಡುಗರು

ಈ ಪ್ರಶ್ನೆಯನ್ನು ಗಟ್ಟಿಯಾಗಿ ಕೇಳಿದ್ದು 1970ರ ದಶಕದ ವಿದ್ಯಾರ್ಥಿಗಳು. ಕಾರಣ ಅವರ ಅಂಕಪಟ್ಟಿಯಲ್ಲೇ ಇತ್ತು. 1971ರಿಂದ ವಿಶ್ವವಿದ್ಯಾಲಯದ ಪ್ರವೇಶಕ್ಕೆ ಮಾಧ್ಯಮವಾರು ಬೇರೆ ಬೇರೆ ಕಟಾಫ್ ಬಂತು. ಮೆಡಿಕಲ್ ಸೀಟಿಗೆ ತಮಿಳು ಮಾಧ್ಯಮದವರಿಗೆ 400ಕ್ಕೆ 250 ಬೇಕು, ಸಿಂಹಳ ಮಾಧ್ಯಮದವರಿಗೆ 229 ಸಾಕು. ಆಮೇಲೆ ಜಿಲ್ಲಾವಾರು ಕೋಟಾ ಬಂತು. ಹಿಂದುಳಿದ ಜಿಲ್ಲೆಗಳಿಗೆ ಅವಕಾಶ ಕೊಡುವುದು ತಪ್ಪಲ್ಲ, ಅದರಿಂದ ಕೆಲವು ತಮಿಳು ಮತ್ತು ಮುಸ್ಲಿಂ ಪ್ರದೇಶಗಳಿಗೂ ಅನುಕೂಲವಾಯಿತು. ಆದರೆ ಓದನ್ನೇ ನಂಬಿದ್ದ ಜಾಫ್ನಾದ ಮನೆಗಳಿಗೆ ಇದು ನೇರ ಹೊಡೆತ. 1972ರ ಹೊಸ ಸಂವಿಧಾನ ದೇಶದ ಹೆಸರನ್ನು ಶ್ರೀಲಂಕಾ ಎಂದು ಬದಲಿಸಿತು. ಬೌದ್ಧ ಧರ್ಮಕ್ಕೆ ಅಗ್ರಸ್ಥಾನ ಕೊಟ್ಟಿತು. ಅಲ್ಪಸಂಖ್ಯಾತರ ವಿರುದ್ಧ ತಾರತಮ್ಯದ ಕಾನೂನು ಮಾಡಬಾರದು ಎಂದಿದ್ದ ಹಳೆಯ 29ನೇ ವಿಧಿಯನ್ನು ಕೈಬಿಟ್ಟಿತು.

ಬೇಕಾದರೆ ಜನರನ್ನೇ ಕೇಳಿ ಎಂದು ಚೆಲ್ವನಾಯಕಂ 1972ರಲ್ಲಿ ತಮ್ಮ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಸರ್ಕಾರ ಉಪಚುನಾವಣೆಯನ್ನು ಎರಡು ವರ್ಷಕ್ಕೂ ಜಾಸ್ತಿ ಎಳೆಯಿತು. 1975ರ ಫೆಬ್ರವರಿಯಲ್ಲಿ ಚುನಾವಣೆ ನಡೆದಾಗ ಅವರು ಭಾರಿ ಅಂತರದಿಂದ ಗೆದ್ದರು. ಅಷ್ಟರಲ್ಲಿ ಮತಪೆಟ್ಟಿಗೆಯನ್ನು ಕಾಯುವ ತಾಳ್ಮೆ ಕೆಲವರಲ್ಲಿ ಮುಗಿದಿತ್ತು. 1974ರ ಜನವರಿಯಲ್ಲಿ ಜಾಫ್ನಾದ ವಿಶ್ವ ತಮಿಳು ಸಮ್ಮೇಳನದ ಕೊನೆಯ ದಿನ ಪೊಲೀಸರು ಗುಂಪಿನ ಮೇಲೆ ನುಗ್ಗಿದಾಗ ವಿದ್ಯುತ್ ತಂತಿ ಬಿದ್ದು ಜನ ಸತ್ತಿದ್ದರು. ಅದೇ ವರ್ಷದ ಜೂನ್‌ನಲ್ಲಿ ಶಿವಕುಮಾರನ್ ಎಂಬ ಯುವಕ ಪೊಲೀಸರ ಕೈಗೆ ಸಿಗಬಾರದೆಂದು ಸೈನೈಡ್ ನುಂಗಿ ಸತ್ತ. ಮುಂದೆ ಪ್ರತಿ ಹುಲಿಯ ಕೊರಳಿಗೂ ಬಂದ ಸೈನೈಡ್ ಗುಳಿಗೆಯ ಹಿಂದೆ ಈ ಸಾವಿದೆ.

1975ರ ಜುಲೈ 27ರಂದು ಜಾಫ್ನಾದ ಮೇಯರ್ ಆಲ್ಫ್ರೆಡ್ ದುರೈಅಪ್ಪಾ ಪೊನ್ನಾಲೈನ ವರದರಾಜ ಪೆರುಮಾಳ್ ದೇವಸ್ಥಾನಕ್ಕೆ ಬಂದರು. ಅವರು ಕ್ರೈಸ್ತರು, ಆದರೂ ಅಲ್ಲಿಗೆ ಹೋಗುವ ರೂಢಿಯಿತ್ತು. ಅಲ್ಲಿ ಅವರನ್ನು ಗುಂಡಿಟ್ಟು ಕೊಂದರು. ಕೊಂದವರ ಮುಂದಾಳು ವಲ್ವೆಟ್ಟಿತುರೈನ ವೇಲುಪಿಳ್ಳೈ ಪ್ರಭಾಕರನ್. ವಯಸ್ಸು 20.

ಈ ಕೊಲೆಯನ್ನು ನಾನು ಈ ಪ್ರಕರಣದ ತಿರುವು ಎಂದು ಓದುತ್ತೇನೆ. ಹುಡುಗರು ಕೊಂದದ್ದು ಸಿಂಹಳ ಮಂತ್ರಿಯನ್ನಲ್ಲ, ಸೈನಿಕನನ್ನೂ ಅಲ್ಲ. ಆಳುವ ಪಕ್ಷದ ಜತೆಗಿದ್ದುಕೊಂಡೇ ಊರಿಗೆ ಕೆಲಸ ಮಾಡಿಸುತ್ತಿದ್ದ, ಬಡವರ ಕೇರಿಗಳಲ್ಲಿ ಜನಪ್ರಿಯನಾಗಿದ್ದ ತಮಿಳು ಮೇಯರ್‌ನನ್ನು. ದುರೈಅಪ್ಪಾ ದ್ರೋಹಿ ಎನ್ನುವ ಮಾತು ಹುಡುಗರ ತಲೆಯಲ್ಲಿ ತಾನಾಗಿ ಹುಟ್ಟಿದ್ದಲ್ಲ. ಫೆಡರಲ್ ಪಕ್ಷದ ವೇದಿಕೆಗಳಿಂದಲೇ ಅದನ್ನು ಮತ್ತೆ ಮತ್ತೆ ಹೇಳಲಾಗಿತ್ತು. ಹಿರಿಯರು ಭಾಷಣದ ಕಾವಿನಲ್ಲಿ ಆಡಿದ ಮಾತನ್ನು ಕೇಳಿಸಿಕೊಂಡವರು ತೀರ್ಪು ಎಂದುಕೊಂಡರು. ಕೊಲೆಯಾದ ಮೇಲಾದರೂ ಇದು ತಪ್ಪು ಎಂದು ಹಿರಿಯರು ಗಟ್ಟಿಯಾಗಿ ಹೇಳಬೇಕಿತ್ತು. ಹೇಳಲಿಲ್ಲ. ಅಮೃತಲಿಂಗಂ ಬಗ್ಗೆ ನನಗೆ ಗೌರವವಿದೆ, ಆದರೂ ಈ ಮೌನದಲ್ಲಿ ಅವರ ಪಾಲೂ ಇದೆ. ಯಾರು ದ್ರೋಹಿ ಎಂದು ತೀರ್ಮಾನಿಸುವ ಅಧಿಕಾರ ಅಂದು ಬಂದೂಕಿನ ಕೈಗೆ ಹೋಯಿತು. 14 ವರ್ಷದ ನಂತರ ಅದೇ ಮಾತಿಗೆ ಅವರೂ ಬಲಿಯಾದರು.

1976ರ ಮೇ 5ರಂದು ಪ್ರಭಾಕರನ್ ಗುಂಪಿಗೆ ಎಲ್‌ಟಿಟಿಇ ಎಂದು ಹೆಸರಾಯಿತು. ಅದೇ ತಿಂಗಳ 14ರಂದು ವಟ್ಟುಕೋಟೆಯಲ್ಲಿ ಹಿರಿಯರ ಹೊಸ ಒಕ್ಕೂಟ ಟಿಯುಎಲ್‌ಎಫ್ (ತಮಿಳ್ ಯುನೈಟೆಡ್ ಲಿಬರೇಷನ್ ಫ್ರಂಟ್) ಈಳಂ ಎಂಬ ಪ್ರತ್ಯೇಕ ತಮಿಳು ದೇಶ ಬೇಕೆಂದು ನಿರ್ಣಯ ಮಾಡಿತು. ಸ್ವಾತಂತ್ರ್ಯದ ಪವಿತ್ರ ಹೋರಾಟಕ್ಕೆ ಧುಮುಕಿ ಎಂದು ಯುವಕರಿಗೆ ಕರೆ ಕೊಟ್ಟಿತು. ಮಿಷನರಿಗಳ ಸೆಮಿನರಿ ಇದ್ದ ಅದೇ ವಟ್ಟುಕೋಟೆ. 1977ರ ಚುನಾವಣೆಯಲ್ಲಿ ಟಿಯುಎಲ್‌ಎಫ್ 18 ಸ್ಥಾನ ಗೆದ್ದಿತು. ಚೆಲ್ವನಾಯಕಂ ಅಷ್ಟರಲ್ಲಿ ತೀರಿಕೊಂಡಿದ್ದರು. ಅಮೃತಲಿಂಗಂ ವಿರೋಧ ಪಕ್ಷದ ನಾಯಕರಾದರು. ಅವರ ಸ್ಥಿತಿ ಆಗಲೇ ಇಕ್ಕಟ್ಟಿನದು. ಬೇರೆ ದೇಶ ಕೇಳಿ ಓಟು ಪಡೆದಿದ್ದಾರೆ, ಮನಸ್ಸಿನಲ್ಲಿ ಸ್ವಾಯತ್ತತೆ ಸಿಕ್ಕರೂ ಸಾಕು ಎಂದಿದೆ. ಹುಡುಗರ ಬಂದೂಕು ತೋರಿಸಿ ಸರ್ಕಾರವನ್ನು ಬಗ್ಗಿಸಬಹುದು, ಬೇಕಾದಾಗ ಹುಡುಗರನ್ನು ಸುಮ್ಮನಿರಿಸಬಹುದು ಎಂದು ಅವರು ನಂಬಿದ್ದರು.

ಕಾನೂನು, ಬೆಂಕಿ

ಈಗ ಅಧಿಕಾರದಲ್ಲಿದ್ದವರು ಅದೇ ಕ್ಯಾಂಡಿ ಪಾದಯಾತ್ರೆಯ ಜಯವರ್ಧನೆ. 1979ರಲ್ಲಿ ಅವರ ಸರ್ಕಾರ ಭಯೋತ್ಪಾದನೆ ತಡೆ ಕಾಯ್ದೆ ತಂದಿತು. ವಿಚಾರಣೆಯಿಲ್ಲದೆ 18 ತಿಂಗಳು ಬಂಧನದಲ್ಲಿಡಬಹುದು. ಪೊಲೀಸ್ ಅಧಿಕಾರಿಯ ಮುಂದೆ ಕೊಟ್ಟ ತಪ್ಪೊಪ್ಪಿಗೆ ಕೋರ್ಟಿನಲ್ಲಿ ಸಾಕ್ಷಿ. ವರ್ಷ ಮುಗಿಯುವುದರೊಳಗೆ ಭಯೋತ್ಪಾದನೆಯನ್ನು ನಿರ್ಮೂಲ ಮಾಡಿ ಎಂಬ ಆಜ್ಞೆಯೊಂದಿಗೆ ಬ್ರಿಗೇಡಿಯರ್ ವೀರತುಂಗ ಅವರನ್ನು ಜಾಫ್ನಾಕ್ಕೆ ಕಳಿಸಿದರು. ಅಂಥ ಕಾನೂನಿನಡಿ ಹತ್ತು ಜನರನ್ನು ಹಿಡಿದರೆ ಒಬ್ಬ ಬಂದೂಕುಧಾರಿ ಇರಬಹುದು. ಉಳಿದ ಒಂಬತ್ತು ಜನ ಏಟು ತಿಂದು ಹೊರಬಂದಾಗ ಅವರ ತಮ್ಮಂದಿರು ಏನು ಯೋಚಿಸುತ್ತಾರೆ ಎಂದು ಯಾರೂ ಕೇಳಿಕೊಳ್ಳಲಿಲ್ಲ.

1981ರ ಮೇ 31ರಂದು ಟಿಯುಎಲ್‌ಎಫ್ ಸಭೆಯೊಂದರಲ್ಲಿ ಪೊಲೀಸರ ಮೇಲೆ ಗುಂಡು ಹಾರಿತು. ಅದಕ್ಕೆ ಸೇಡು ತೀರಿಸಲು ಪೊಲೀಸರು ಊರಿಗೆ ಬೆಂಕಿ ಹಚ್ಚುತ್ತಾ ಹೋದರು. ಸಂಸದ ವಿ. ಯೋಗೇಶ್ವರನ್ ಅವರ ಮನೆ ಸುಟ್ಟಿತು. ಈಳನಾಡು ಪತ್ರಿಕೆಯ ಕಚೇರಿ ಸುಟ್ಟಿತು. ಮಾರನೆಯ ರಾತ್ರಿ ಜಾಫ್ನಾ ಸಾರ್ವಜನಿಕ ಗ್ರಂಥಾಲಯ ಸುಟ್ಟಿತು. ಸುಮಾರು 97,000 ಪುಸ್ತಕ, ತಾಳೆಗರಿಗಳ ಸಂಗ್ರಹ, ಎಲ್ಲ ಹೋಯಿತು. ಆ ಗ್ರಂಥಾಲಯವನ್ನು ಕಟ್ಟುವಾಗ ಸಲಹೆ ಕೊಟ್ಟವರಲ್ಲಿ ಎಸ್.ಆರ್. ರಂಗನಾಥನ್ ಒಬ್ಬರು. ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿ ಕಳೆದು ಇಲ್ಲಿ ಗ್ರಂಥಾಲಯ ವಿಜ್ಞಾನದ ಸಂಶೋಧನಾ ಕೇಂದ್ರ ಕಟ್ಟಿದ ಅದೇ ರಂಗನಾಥನ್. 1959ರಲ್ಲಿ ಅದನ್ನು ಉದ್ಘಾಟಿಸಿದ ಮೇಯರ್ ದುರೈಅಪ್ಪಾ. ಮೇಯರ್‌ನನ್ನು ತಮಿಳು ಹುಡುಗರು ಕೊಂದರು, ಅವರು ತೆರೆದ ಗ್ರಂಥಾಲಯವನ್ನು ಸರ್ಕಾರದ ಪೊಲೀಸರು ಸುಟ್ಟರು.

ಯೋಗೇಶ್ವರನ್ ಅವರ ಕಥೆಯನ್ನು ಇಲ್ಲೇ ಮುಗಿಸಿಬಿಡುತ್ತೇನೆ. ಎಂಟು ವರ್ಷದ ನಂತರ ಅಮೃತಲಿಂಗಂ ಸತ್ತ ಮನೆಯಲ್ಲೇ ಅವರೂ ಹುಲಿಗಳ ಗುಂಡಿಗೆ ಸತ್ತರು. ಅವರ ಹೆಂಡತಿ ಸರೋಜಿನಿ ಯೋಗೇಶ್ವರನ್ 1998ರಲ್ಲಿ ಜಾಫ್ನಾದ ಮೇಯರ್ ಆದರು. ಅದೇ ವರ್ಷದ ಮೇನಲ್ಲಿ ಅವರನ್ನೂ ಮನೆಯಲ್ಲೇ ಗುಂಡಿಟ್ಟು ಕೊಂದರು. ಅವರ ಜಾಗಕ್ಕೆ ಬಂದ ಮೇಯರ್ ಪೊನ್. ಶಿವಪಾಲನ್ ಸೆಪ್ಟೆಂಬರ್‌ನಲ್ಲಿ ಬಾಂಬ್ ಸ್ಫೋಟಕ್ಕೆ ಬಲಿಯಾದರು.

1983ರ ಜುಲೈ 23ರ ರಾತ್ರಿ ಜಾಫ್ನಾದ ತಿರುನೆಲ್ವೇಲಿಯಲ್ಲಿ ಎಲ್‌ಟಿಟಿಇ ಹೊಂಚು ಹಾಕಿ 13 ಸೈನಿಕರನ್ನು ಕೊಂದಿತು. ಮರುದಿನ ಕೊಲಂಬೊದಲ್ಲಿ ಹಿಂಸೆ ಶುರುವಾಯಿತು. ಮತದಾರರ ಪಟ್ಟಿ ಹಿಡಿದು ತಮಿಳರ ಮನೆ, ಅಂಗಡಿ ಹುಡುಕಿದರು. ವೆಲಿಕಡ ಜೈಲಿನಲ್ಲಿ 53 ತಮಿಳು ಕೈದಿಗಳನ್ನು ಕೊಂದರು. ಒಟ್ಟು ಸತ್ತವರು ಸರ್ಕಾರದ ಲೆಕ್ಕದಲ್ಲಿ 400ರ ಒಳಗೆ, ತಮಿಳರ ಲೆಕ್ಕದಲ್ಲಿ 3000ದವರೆಗೆ. ಅಧ್ಯಕ್ಷ ಜಯವರ್ಧನೆ ದೇಶದ ಜತೆ ಮಾತಾಡಿದ್ದು 28ಕ್ಕೆ. ಸತ್ತವರ ಬಗ್ಗೆ ಒಂದು ಸಾಂತ್ವನದ ಮಾತು ಅದರಲ್ಲಿರಲಿಲ್ಲ. ಆಗಸ್ಟ್‌ನಲ್ಲಿ ಸಂವಿಧಾನಕ್ಕೆ ಆರನೇ ತಿದ್ದುಪಡಿ ತಂದರು. ಪ್ರತ್ಯೇಕತೆಯ ವಿರುದ್ಧ ಪ್ರಮಾಣ ಮಾಡದವರಿಗೆ ಸಂಸತ್ತಿನಲ್ಲಿ ಜಾಗವಿಲ್ಲ. ಟಿಯುಎಲ್‌ಎಫ್‌ನವರು ಪ್ರಮಾಣ ಮಾಡಲಿಲ್ಲ, ಸ್ಥಾನ ಕಳೆದುಕೊಂಡರು. ಅಮೃತಲಿಂಗಂ ಮದ್ರಾಸ್ ಸೇರಿದರು.

ಸರ್ಕಾರ ಆ ದಿನಗಳಲ್ಲಿ ಮಾಡಿದ್ದೇನು ಅಂತ ಯೋಚಿಸಿ. ಅಲ್ಲಿಯವರೆಗೆ ಎಲ್‌ಟಿಟಿಇಯಲ್ಲಿದ್ದವರು ಕೆಲವು ಡಜನ್ ಜನ. ಅವರ ವಿರುದ್ಧ ನಿಲ್ಲಬಹುದಾಗಿದ್ದ, ಚುನಾವಣೆಯಲ್ಲಿ ಗೆದ್ದ ತಮಿಳು ದನಿಯನ್ನು ಸಂಸತ್ತಿನಿಂದ ಆಚೆ ಹಾಕಿತು. ಮನೆ ಸುಟ್ಟುಹೋದ ಸಾವಿರಾರು ಹುಡುಗರು ಪಡೆಗಳಿಗೆ ಸೇರಿದರು. ವಿದೇಶಕ್ಕೆ ಓಡಿದವರು ಲಂಡನ್, ಟೊರೊಂಟೊಗಳಿಂದ ಹಣ ಕಳಿಸತೊಡಗಿದರು. ಇಷ್ಟು ಜನ, ಇಷ್ಟು ಹಣ ಪ್ರಭಾಕರನ್‌ಗೆ ಸ್ವಂತ ಬಲದಿಂದ ಎಂದೂ ಸಿಗುತ್ತಿರಲಿಲ್ಲ.

ಭಾರತದ ಪಾತ್ರವನ್ನೂ ನೇರವಾಗಿ ಹೇಳಬೇಕು. ನಮ್ಮ ಸರ್ಕಾರ ಎಲ್‌ಟಿಟಿಇ ಮತ್ತು ಅದರಂಥ ಬೇರೆ ತಮಿಳು ಸಶಸ್ತ್ರ ಗುಂಪುಗಳಿಗೆ ಗುಟ್ಟಾಗಿ ತರಬೇತಿ, ಆಯುಧ ಕೊಟ್ಟಿತು. ಜಯವರ್ಧನೆಯನ್ನು ಬಗ್ಗಿಸಲು ಒಂದು ಸಾಧನ ಬೇಕಿತ್ತು. ಅಮೃತಲಿಂಗಂ ಮಾಡಿದ ಲೆಕ್ಕಾಚಾರವನ್ನೇ ದಿಲ್ಲಿಯೂ ಮಾಡಿತು, ಬೇಕಾದಾಗ ಸುಮ್ಮನಿರಿಸಬಹುದು ಎಂದು. ಇಬ್ಬರ ಲೆಕ್ಕವೂ ತಪ್ಪಿತು.

ಒಂದೇ ಬಂದೂಕು ಉಳಿದಾಗ

ಹುಲಿಗಳು ಬೆಳೆದದ್ದು ಸೈನ್ಯದ ಮೇಲಿನ ದಾಳಿಗಳಿಂದ ಮಾತ್ರ ಅಲ್ಲ. 1985ರ ಮೇ 14ರಂದು ಅನುರಾಧಪುರದ ಬಸ್ ನಿಲ್ದಾಣ ಮತ್ತು ಬೋಧಿವೃಕ್ಷದ ಹತ್ತಿರ 146 ಸಾಮಾನ್ಯ ಜನರನ್ನು ಕೊಂದರು. ಮರುವರ್ಷ ತಮ್ಮದೇ ಜತೆಗಾರರತ್ತ ತಿರುಗಿದರು. ಟೆಲೋ ಎಂಬ ಇನ್ನೊಂದು ತಮಿಳು ಸಶಸ್ತ್ರ ಗುಂಪಿನ ನಾಯಕ ಶ್ರೀ ಸಬಾರತ್ನಂ 1986ರ ಮೇನಲ್ಲಿ ಸತ್ತರು. ಅವರ ಹುಡುಗರನ್ನು ಜಾಫ್ನಾದ ಬೀದಿಗಳಲ್ಲೇ ಬೇಟೆಯಾಡಿದರು. ವರ್ಷದ ಕೊನೆಗೆ ಇಪಿಆರ್‌ಎಲ್‌ಎಫ್ ಎಂಬ ಮತ್ತೊಂದು ಗುಂಪಿನ ಸರದಿ. 1987ರ ಜುಲೈ 5ರಂದು ನೆಲ್ಲಿಯಡಿಯಲ್ಲಿ ಸ್ಫೋಟಕ ತುಂಬಿದ ಲಾರಿಯನ್ನು ಸೈನ್ಯದ ಶಿಬಿರಕ್ಕೆ ನುಗ್ಗಿಸಿದ್ದು ಹುಲಿಗಳ ಮೊದಲ ಆತ್ಮಾಹುತಿ ದಾಳಿ. ಆ ತಿಂಗಳ 29ರಂದು ರಾಜೀವ್ ಗಾಂಧಿ ಮತ್ತು ಜಯವರ್ಧನೆ ಒಪ್ಪಂದಕ್ಕೆ ಸಹಿ ಹಾಕಿದರು. ಅದರಿಂದ ಪ್ರಾಂತೀಯ ಮಂಡಳಿಗಳು ಬಂದವು. ಚೆಲ್ವನಾಯಕಂ 1957ರಲ್ಲಿ ಕೇಳಿದ್ದಕ್ಕೆ ಹತ್ತಿರವಾದದ್ದು, 30 ವರ್ಷ ತಡವಾಗಿ. ಶಾಂತಿಪಡೆಯಾಗಿ ಹೋದ ಭಾರತೀಯ ಸೈನ್ಯ ಅಕ್ಟೋಬರ್ ಹೊತ್ತಿಗೆ ಹುಲಿಗಳ ಜತೆ ಯುದ್ಧಕ್ಕಿಳಿದಿತ್ತು. ಸುಮಾರು 1200 ಸೈನಿಕರನ್ನು ಕಳೆದುಕೊಂಡು 1990ರ ಮಾರ್ಚ್‌ನಲ್ಲಿ ವಾಪಸ್ ಬಂತು. ಆ ಕಾರ್ಯಾಚರಣೆಯಲ್ಲಿ ಜಾಫ್ನಾದ ಸಾಮಾನ್ಯ ಜನರೂ ಸತ್ತರು, ಅದನ್ನು ನಾವು ಮರೆಯಬಾರದು.

ಒಪ್ಪಂದ ನಂಬಿ ದೇಶಕ್ಕೆ ಮರಳಿದ ಅಮೃತಲಿಂಗಂ 1989ರ ಚುನಾವಣೆಯಲ್ಲಿ ಸೋತು, ಪಕ್ಷದ ರಾಷ್ಟ್ರೀಯ ಪಟ್ಟಿಯಿಂದ, ಅಂದರೆ ಪಕ್ಷವೇ ನೇಮಿಸುವ ಸ್ಥಾನದಿಂದ, ಸಂಸದರಾದರು. ಜುಲೈನಲ್ಲಿ ಕೊಂದರು. ಎರಡು ತಿಂಗಳ ನಂತರ, ಸೆಪ್ಟೆಂಬರ್ 21ರಂದು, ಜಾಫ್ನಾ ವಿಶ್ವವಿದ್ಯಾಲಯದ ಅಂಗರಚನಾ ಶಾಸ್ತ್ರದ ಪ್ರಾಧ್ಯಾಪಕಿ ರಜನಿ ತಿರಣಗಾಮ ಸೈಕಲ್ಲಿನಲ್ಲಿ ಮನೆಗೆ ಹೋಗುತ್ತಿದ್ದಾಗ ಗುಂಡು ಬಿತ್ತು. ಒಂದು ಕಾಲಕ್ಕೆ ಹುಲಿಗಳ ಬಗ್ಗೆ ಒಲವಿದ್ದವರು ಅವರು. ಆಮೇಲೆ ಸೈನ್ಯ, ಭಾರತೀಯ ಪಡೆ, ಹುಲಿಗಳು ಎಲ್ಲರ ಅನ್ಯಾಯಗಳನ್ನೂ ಹೆಸರು ಹಿಡಿದು ದಾಖಲಿಸುತ್ತಿದ್ದರು. 1990ರ ಅಕ್ಟೋಬರ್‌ನಲ್ಲಿ ಉತ್ತರದ 70,000ಕ್ಕೂ ಹೆಚ್ಚು ಮುಸ್ಲಿಮರನ್ನು ಹುಲಿಗಳು ಊರು ಬಿಡಿಸಿದರು. ಜಾಫ್ನಾ ಪಟ್ಟಣದವರಿಗೆ ಕೊಟ್ಟದ್ದು ಎರಡು ಗಂಟೆ.

1991ರ ಮೇ 21ರಂದು ಶ್ರೀಪೆರಂಬದೂರಿನಲ್ಲಿ ಆತ್ಮಾಹುತಿ ಬಾಂಬ್ ರಾಜೀವ್ ಗಾಂಧಿಯವರನ್ನು ಕೊಂದಿತು. ಸಂಚಿನ ಮುಂದಾಳು ಶಿವರಾಸನ್ ಮತ್ತು ಜತೆಗಾರರು ಬೆಂಗಳೂರಿನ ಅಂಚಿನ ಕೋಣನಕುಂಟೆಯಲ್ಲಿ ಅಡಗಿದ್ದು, ಆಗಸ್ಟ್ 20ರಂದು ಪೊಲೀಸರು ಒಳನುಗ್ಗುವ ಮುನ್ನವೇ ಸತ್ತರು. ಈ ಯುದ್ಧ ನಮ್ಮ ಮನೆ ಬಾಗಿಲಿಗೂ ಬಂದಿತ್ತು.

ಮಧ್ಯದಲ್ಲಿ ನಿಲ್ಲುವವರ ಸಾಲು ಅಲ್ಲಿಗೂ ಮುಗಿಯಲಿಲ್ಲ. ಅಧಿಕಾರ ಹಂಚಿಕೆಯ ಹೊಸ ಕರಡು ಬರೆಯುತ್ತಿದ್ದ ಸಂವಿಧಾನ ತಜ್ಞ ನೀಲನ್ ತಿರುಚೆಲ್ವಂ ಅವರನ್ನು 1999ರ ಜುಲೈ 29ರಂದು ಕೊಲಂಬೊದ ರಸ್ತೆಯಲ್ಲಿ ಆತ್ಮಾಹುತಿ ಬಾಂಬರ್ ಕೊಂದ. ಹತ್ತು ವರ್ಷದ ನಂತರ, 2009ರ ಮೇನಲ್ಲಿ ಮುಳ್ಳಿವಾಯ್ಕಾಲ್ ಎಂಬ ಮರಳ ಪಟ್ಟಿಯಲ್ಲಿ ಎಲ್ಲ ಮುಗಿಯಿತು. ಹುಲಿಗಳು ಸಾಮಾನ್ಯ ಜನರನ್ನು ಅಡ್ಡ ಇಟ್ಟುಕೊಂಡಿದ್ದರು, ಸೈನ್ಯ ಅವರ ಮೇಲೆ ಶೆಲ್ ಸುರಿಸಿತು. ಕೊನೆಯ ತಿಂಗಳುಗಳಲ್ಲಿ 40,000ದವರೆಗೂ ನಾಗರಿಕರು ಸತ್ತಿರಬಹುದು ಎಂದು ವಿಶ್ವಸಂಸ್ಥೆಯ ಸಮಿತಿ ಹೇಳಿತು. ಆ ಹೊತ್ತಿಗೆ ಎರಡೂ ಕಡೆ ಹೋಗಿ ನಿಲ್ಲಿಸಿ ಎಂದು ಹೇಳಬಲ್ಲ ಹಿರಿಯ ತಮಿಳು ನಾಯಕರಲ್ಲಿ ಹೆಚ್ಚಿನವರು ಬದುಕಿರಲಿಲ್ಲ.

1987ರ ಒಪ್ಪಂದದಿಂದ ಬಂದ ಪ್ರಾಂತೀಯ ಮಂಡಳಿಗೆ ಉತ್ತರ ಪ್ರಾಂತ್ಯದಲ್ಲಿ ಪ್ರತ್ಯೇಕವಾಗಿ ಮೊದಲ ಚುನಾವಣೆ ನಡೆದದ್ದು 2013ರಲ್ಲಿ. 2018ರಲ್ಲಿ ಅದರ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಅಲ್ಲಿ ಚುನಾವಣೆ ನಡೆಯಲಿಲ್ಲ, ರಾಜ್ಯಪಾಲರೇ ಆಡಳಿತ ನಡೆಸಿದರು. 1979ರ ಭಯೋತ್ಪಾದನೆ ತಡೆ ಕಾಯ್ದೆ ಮಾತ್ರ ಯುದ್ಧ ಮುಗಿದು ದಶಕ ಕಳೆದರೂ ಜಾರಿಯಲ್ಲೇ ಇತ್ತು.